ಟೊರೊಂಟೊ ಚಳಿಗಾಲ: ನಾಯಿಯ ಪಾದಕ್ಕೆ ಬೂಟು, ಮೇಣ, ಕೊಬ್ಬರಿ ಎಣ್ಣೆ – ಯಾವುದು ಸರಿ?

ಚಿಕ್ಕಿ_ಅಮ್ಮ_ಹಾಸನ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಿ ಬೆಂಗಳೂರಿನ ಬೀದಿಯಲ್ಲಿ ಸಿಕ್ಕ ನಾಟಿ ನಾಯಿ. 17 ಕೆಜಿ ಇದ್ದಾಳೆ, ಮೈಮೇಲೆ ಗಿಡ್ಡ ಕೂದಲು. ಕಳೆದ ಬೇಸಿಗೆಯಲ್ಲಿ ನಮ್ಮ ಜೊತೆ ಟೊರೊಂಟೊಗೆ ಬಂದಳು. ಇದು ಅವಳಿಗೆ ಮೊದಲ ಚಳಿಗಾಲ.

ಕಾಂಡೋ (ಅಪಾರ್ಟ್‌ಮೆಂಟ್) ಬಾಗಿಲು ದಾಟಿ ಫುಟ್‌ಪಾತಿಗೆ ಇಳಿದ ಕೂಡಲೇ ಒಂದು ಕಾಲು ಎತ್ತಿ ನಿಲ್ಲುತ್ತಾಳೆ. ಆಮೇಲೆ ಇನ್ನೊಂದು ಕಾಲು. ಕೆಲವು ಸಲ ಅಲ್ಲೇ ಕೂತುಬಿಡುತ್ತಾಳೆ, ಎತ್ತಿಕೊಂಡು ಬರಬೇಕು. ಆದರೆ ಪಾರ್ಕಿಗೆ ಕರೆದುಕೊಂಡು ಹೋಗಿ ಹಿಮದ ಮೇಲೆ ಬಿಟ್ಟರೆ ಖುಷಿಯಾಗಿ ಓಡುತ್ತಾಳೆ! ಮನೆಗೆ ಬಂದಮೇಲೆ ಒಂದೇ ಸಮನೆ ಪಾದ ನೆಕ್ಕುತ್ತಾಳೆ. ಬೆರಳ ಸಂದಿ ಕೆಂಪಾಗಿದೆ. ಹಿಂಗಾಲಿನ ಮೆತ್ತೆಯಲ್ಲಿ ಸಣ್ಣ ಬಿರುಕು ಕೂಡ ಕಾಣುತ್ತಿದೆ.

ಆನ್‌ಲೈನ್‌ನಲ್ಲಿ ತರಿಸಿದ ಬೂಟು ಹತ್ತು ಹೆಜ್ಜೆಗೆ ಕಳಚಿ ಬೀಳುತ್ತದೆ. ನಮ್ಮ ಯಜಮಾನರು "ನಾಯಿ ಕಾಲು ಚಳಿಗೆಂದೇ ಇರುವುದು, ಅಭ್ಯಾಸ ಆಗುತ್ತದೆ" ಎನ್ನುತ್ತಾರೆ. ಅಮ್ಮ ಫೋನಿನಲ್ಲಿ ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ, ಯಾವುದು ನಿಜವಾಗಿ ಕೆಲಸ ಮಾಡುತ್ತದೆ?

ಬ್ರಾಂಪ್ಟನ್_ಬಸವ
ಉಪ್ಪು. ಚಳಿ ಅಲ್ಲ, ಐಸ್ ಕರಗಲಿ ಎಂದು ಫುಟ್‌ಪಾತಿಗೆ ಸುರಿಯುವ ಉಪ್ಪು. ಹಿಮದ ಮೇಲೆ ಓಡುತ್ತಾಳೆ, ಫುಟ್‌ಪಾತಿನಲ್ಲಿ ಕುಂಟುತ್ತಾಳೆ ಎಂದು ನೀವೇ ಹೇಳಿದಿರಲ್ಲ.

ಮಲೆನಾಡಿಗ_ಮಿನಿಯಾಪೊಲಿಸ್
ಬಸವ ಅವರು ಸರಿಯಾಗಿ ಹಿಡಿದರು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬಹಳ ಜನ ಚಳಿಯನ್ನೇ ಬೈಯುತ್ತಾರೆ.

ಶುದ್ಧ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ. -8 ಡಿಗ್ರಿ ದಿನ ಪಾರ್ಕಿನ ಹಿಮ ಒಣ ಪುಡಿ. ಪಾದಕ್ಕೆ ತಾಗುತ್ತದೆ, ಉದುರುತ್ತದೆ, ಅಷ್ಟೆ. ಅದೇ ದಿನ ಫುಟ್‌ಪಾತಿನಲ್ಲಿ ಉಪ್ಪು ಹಾಕಿದ್ದಾರೆ. ಅಲ್ಲಿ ಕರಗಿರುವ ಕೆಸರು -8ರಲ್ಲೂ ನೀರಾಗಿಯೇ ಇರುತ್ತದೆ. ಅಂದರೆ ನಾಯಿ ಸೊನ್ನೆಗಿಂತ ಎಷ್ಟೋ ತಣ್ಣಗಿರುವ ಉಪ್ಪುನೀರಿನಲ್ಲಿ ಕಾಲು ಅದ್ದಿ ನಡೆಯುತ್ತಿದೆ. ಒಣ ಹಿಮಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಒದ್ದೆ ಚರ್ಮ ಬಹಳ ಬೇಗ ಶಾಖ ಕಳೆದುಕೊಳ್ಳುತ್ತದೆ.

ಮೇಲಿಂದ ಉಪ್ಪಿನ ಹರಳು ಚೂಪಾಗಿರುತ್ತದೆ, ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಪ್ರತಿ ಹೆಜ್ಜೆಗೂ ಉಜ್ಜುತ್ತದೆ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟು ಮುದುಡುತ್ತದಲ್ಲ, ಪಾದದ ಚರ್ಮದಿಂದಲೂ ಉಪ್ಪು ಹಾಗೇ ನೀರು ಎಳೆಯುತ್ತದೆ. ಒಣಗಿದ ಮೆತ್ತೆ ಬಿರಿಯುತ್ತದೆ. ಬಿರುಕಿಗೆ ಮತ್ತೆ ಉಪ್ಪು ಸೇರುತ್ತದೆ. ಚಿಕ್ಕಿ ಕಾಲು ಎತ್ತುವುದು ಉರಿಗೆ.

ಗಿರಿ_ತೋಟ_ಚಿಕ್ಕಮಗಳೂರು
ನಾನು ಊರಲ್ಲೇ ಇರುವವನು, ಹಿಮ ಕಂಡವನಲ್ಲ. ಆದರೆ ಮನೆ ತುಂಬ ನಾಯಿ ಸಾಕಿದ್ದೇನೆ. ತೋಟದಲ್ಲಿ ಮುಳ್ಳು, ಕಲ್ಲು, ಮಳೆಗಾಲದ ಕೆಸರು ಎಲ್ಲದರಲ್ಲೂ ಓಡಾಡುತ್ತವೆ. ಯಾವುದಕ್ಕೂ ಬೂಟು ಹಾಕಿಲ್ಲ. ತೋಳ ಹಿಮದಲ್ಲಿ ಬೂಟಿಲ್ಲದೆ ಬದುಕುತ್ತದೆ. ನಾಯಿಗೆ ಬೂಟು, ಸ್ವೆಟರ್ ಎಲ್ಲ ಮನುಷ್ಯರ ಶೋಕಿ ಅನ್ನಿಸುತ್ತದೆ. ನಿಮ್ಮ ಯಜಮಾನರ ಮಾತಿಗೇ ನನ್ನ ಓಟು.

ಬ್ರಾಂಪ್ಟನ್_ಬಸವ
ತೋಳ ಉಪ್ಪು ಸುರಿದ ಕಾಂಕ್ರೀಟಿನ ಮೇಲೆ ನಡೆಯುವುದಿಲ್ಲ ಗಿರಿ ಅವರೇ.

ಜೀವಕೋಶ_ವಾಟರ್ಲೂ
@ಗಿರಿ ಅವರ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ತಳ್ಳಿಹಾಕಬೇಡಿ. ನಾಯಿಯ ಪಾದ ಚಳಿಗೆ ಚೆನ್ನಾಗಿಯೇ ತಯಾರಾಗಿದೆ. ಟೋಕಿಯೊದ ಯಮಜಾಕಿ ಗಕುಎನ್ ವಿಶ್ವವಿದ್ಯಾಲಯದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪಾದದ ಮೆತ್ತೆಯನ್ನು ನೋಡಿ 2011ರ ಹೊತ್ತಿಗೆ ಒಂದು ಸಂಶೋಧನೆ ಪ್ರಕಟಿಸಿದರು. ಮೆತ್ತೆಯೊಳಗೆ ಬಿಸಿ ರಕ್ತ ತರುವ ನಾಳಗಳಿಗೆ ತಾಗಿಕೊಂಡೇ ತಣ್ಣಗಾದ ರಕ್ತ ವಾಪಸ್ ಒಯ್ಯುವ ನಾಳಗಳ ಬಲೆ ಇದೆ. ಕೆಳಗೆ ಇಳಿಯುವ ರಕ್ತ ತನ್ನ ಬಿಸಿಯನ್ನು ಮೇಲೆ ಏರುವ ರಕ್ತಕ್ಕೆ ಕೊಡುತ್ತದೆ. ಹಾಗಾಗಿ ತಣ್ಣನೆಯ ರಕ್ತ ಮೈಗೆ ಹೋಗಿ ನಾಯಿ ನಡುಗುವುದಿಲ್ಲ, ಪಾದವೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಪೆಂಗ್ವಿನ್ ರೆಕ್ಕೆಯಲ್ಲೂ ಇಂಥದೇ ಏರ್ಪಾಡಿದೆ.

ಆದರೆ ಈ ಏರ್ಪಾಡು ಶಾಖಕ್ಕೆ ಸಂಬಂಧಿಸಿದ್ದು. ಉಪ್ಪಿಗೆ, ಗಾಯಕ್ಕೆ ಇದರಿಂದ ಏನೂ ಪ್ರಯೋಜನ ಇಲ್ಲ. "ಅಭ್ಯಾಸ ಆಗುತ್ತದೆ" ಎನ್ನುವುದು ಚಳಿಗೆ ಸ್ವಲ್ಪ ಮಟ್ಟಿಗೆ ನಿಜ. ಸುಟ್ಟ ಚರ್ಮಕ್ಕೆ ಅಭ್ಯಾಸ ಆಗುವುದಿಲ್ಲ.

ಗಿರಿ_ತೋಟ_ಚಿಕ್ಕಮಗಳೂರು
ಇದು ಒಪ್ಪುವ ಮಾತು. ರಸ್ತೆಗೆ ಉಪ್ಪು ಹಾಕುತ್ತಾರೆ ಎಂಬ ವಿಷಯವೇ ನಮಗೆ ಇಲ್ಲಿ ಹೊಳೆಯುವುದಿಲ್ಲ. ಹಾಗಾದರೆ ಉಪ್ಪು ಹಾಕುವುದನ್ನೇ ನಿಲ್ಲಿಸಬಾರದಾ? ಮರಳು ಹಾಕಿದರೆ ಆಗುವುದಿಲ್ಲವೇ?

ಎಡ್ಮಂಟನ್_ಎಮ್ಮೆ
ಆಗುತ್ತದೆ. ನಮ್ಮಲ್ಲಿ ಮರಳು, ಸಣ್ಣ ಜಲ್ಲಿಯೇ ಜಾಸ್ತಿ. ಊರಿನ ಅಲ್ಲಲ್ಲಿ ನಗರಸಭೆಯವರು ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ, ಬಕೆಟ್ ತೆಗೆದುಕೊಂಡು ಹೋಗಿ ಪುಕ್ಕಟೆ ತುಂಬಿಸಿಕೊಂಡು ಬರಬಹುದು. ಮನೆ ಮುಂದೆ ನಾನು ಅದನ್ನೇ ಹಾಕುವುದು.

ಕಾರಣ ಸರಳ. ಮಾಮೂಲಿ ಕಲ್ಲುಪ್ಪು -9, -10 ಡಿಗ್ರಿ ಆದಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ನಮ್ಮ ಚಳಿಗೆ ಅದು ಸಾಲುವುದೇ ಇಲ್ಲ. ಟೊರೊಂಟೊ ಚಳಿ ಸೊನ್ನೆಯ ಆಚೀಚೆ ಆಡುತ್ತಿರುತ್ತದೆ. ಕರಗುತ್ತದೆ, ರಾತ್ರಿ ಗಾಜಾಗುತ್ತದೆ, ಮತ್ತೆ ಕರಗುತ್ತದೆ. ಅಲ್ಲಿ ಉಪ್ಪು ಚೆನ್ನಾಗಿ ಕೆಲಸ ಮಾಡುವುದರಿಂದ ಸುರಿಯುತ್ತಾರೆ. ಹಾಗಾಗಿ ನಾಯಿ ಪಾದಕ್ಕೆ -25ರ ಎಡ್ಮಂಟನ್‌ಗಿಂತ -5ರ ಟೊರೊಂಟೊ ಫುಟ್‌ಪಾತ್ ಹೆಚ್ಚು ಕಷ್ಟ.

ಮಲೆನಾಡಿಗ_ಮಿನಿಯಾಪೊಲಿಸ್
ಕೊನೆಯ ಸಾಲು ಒಪ್ಪುವುದಿಲ್ಲ. -25ರಲ್ಲಿ ಗಿಡ್ಡ ಕೂದಲಿನ ನಾಯಿಗೆ ಹಿಮಗಾಯ (ಚಳಿಗೆ ಚರ್ಮ ಹೆಪ್ಪುಗಟ್ಟಿ ಹಾಳಾಗುವುದು) ಆಗುವ ಅಪಾಯ ನಿಜವಾದದ್ದು. ಕಿವಿ ತುದಿ, ಬಾಲದ ತುದಿ, ಪಾದ ಮೊದಲು ಹೋಗುತ್ತವೆ. ಗಾಳಿ ಇದ್ದರೆ ಇನ್ನೂ ಬೇಗ. ಇಲ್ಲಿ ಜನವರಿಯಲ್ಲಿ ನಾವು ಐದು ನಿಮಿಷ ಹೊರಗೆ ಬಿಟ್ಟು ಒಳಗೆ ಕರೆದುಕೊಳ್ಳುವ ದಿನಗಳು ಇರುತ್ತವೆ.

ಎಡ್ಮಂಟನ್_ಎಮ್ಮೆ
-25ರಲ್ಲಿ ಚಿಕ್ಕಿಯನ್ನು ಒಂದು ಗಂಟೆ ಸುತ್ತಾಡಿಸಿ ಎಂದು ನಾನೆಲ್ಲಿ ಹೇಳಿದೆ? ಪಾದದ ಉರಿ ಬಗ್ಗೆ ಹೇಳಿದ್ದು. ನಮ್ಮದು ಹಸ್ಕಿ ಬೆರಕೆ, ಅದರ ಲೆಕ್ಕವೇ ಬೇರೆ.

ಶಾಂತಕ್ಕ_ಮಿಸಿಸಾಗಾ
ಚಿಕ್ಕಿ ಅಮ್ಮನವರೇ, ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮ ಲ್ಯಾಬ್ರಡಾರ್‌ಗೆ ಎಷ್ಟೋ ವರ್ಷದಿಂದ ಹಚ್ಚುತ್ತಿದ್ದೇನೆ. ಪಾದ ಮೆತ್ತಗಿದೆ.

ಬ್ರಾಂಪ್ಟನ್_ಬಸವ
ಅಕ್ಕ, ಕೊಬ್ಬರಿ ಎಣ್ಣೆ ರಾತ್ರಿ ಹಚ್ಚುವುದಕ್ಕೆ ಸರಿ, ಹೊರಗೆ ಹೋಗುವ ಮುಂಚೆ ಅಲ್ಲ. ಹೊರಗೆ ಹೆಜ್ಜೆ ಇಟ್ಟ ಸ್ವಲ್ಪ ಹೊತ್ತಿಗೆ ಒರೆಸಿಹೋಗುತ್ತದೆ. ಉಪ್ಪನ್ನು ತಡೆಯುವ ಪದರ ಅಲ್ಲ ಅದು. ಜೊತೆಗೆ ಮನೆಯ ಮರದ ನೆಲದ ಮೇಲೆ ಎಣ್ಣೆ ಕಾಲಿನಲ್ಲಿ ನಾಯಿ ಜಾರುತ್ತದೆ.

ಶಾಂತಕ್ಕ_ಮಿಸಿಸಾಗಾ
ಹಚ್ಚಿ ಹಳೇ ಕಾಲುಚೀಲ ಹಾಕಿ ಮಲಗಿಸುತ್ತೇನೆ. ಜಾರುವುದಿಲ್ಲ.

ವೆಟ್_ಹೆಬ್ಬಾಳ_ಬ್ಯಾಚ್
ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ ಈಗ ಶಿಕಾಗೋ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಡಿಸೆಂಬರ್ ಬಂತೆಂದರೆ ನಮ್ಮ ಕ್ಲಿನಿಕ್‌ಗೆ ಇಂಥ ಪಾದಗಳು ದಿನವೂ ಬರುತ್ತವೆ. ಕೆಲವು ವಿಷಯ ನೇರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಪಸ್ ಬಂದಮೇಲೆ ತೊಳೆಯುವುದು. ಬೂಟು, ಮೇಣ ಏನೇ ಇರಲಿ, ಇದನ್ನು ಬಿಡಬೇಡಿ. ಬಾಗಿಲ ಬಳಿ ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಇಡಿ. ಒಂದೊಂದೇ ಕಾಲು ಅದ್ದಿ, ಬೆರಳ ಸಂದಿಯಲ್ಲಿ ನಿಮ್ಮ ಬೆರಳಾಡಿಸಿ ಹರಳು ತೆಗೆಯಿರಿ. ಸೋಪು ಬೇಡ. ಆಮೇಲೆ ಸಂದಿ ಪೂರ್ತಿ ಒಣಗುವ ಹಾಗೆ ಒರೆಸಬೇಕು. ಬಹಳ ಜನ ತೊಳೆಯುತ್ತಾರೆ, ಒಣಗಿಸುವುದಿಲ್ಲ. ಒದ್ದೆ ಸಂದಿಯಲ್ಲಿ ಫಂಗಸ್ ಬೆಳೆಯುತ್ತದೆ, ಮತ್ತೆ ನೆಕ್ಕಾಟ ಶುರು. ಹೊಟ್ಟೆಯ ಕೆಳಭಾಗವನ್ನೂ ಒರೆಸಿ, ಕಾರು ಚಿಮ್ಮಿಸಿದ ಉಪ್ಪುನೀರು ಅಲ್ಲಿಗೂ ಹತ್ತಿರುತ್ತದೆ.

ನೆಕ್ಕುವುದನ್ನು ಸುಮ್ನೆ ಬಿಡಬೇಡಿ. ಸ್ವಲ್ಪ ಉಪ್ಪು ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗಬಹುದು. ಜಾಸ್ತಿ ಹೋದರೆ ರಕ್ತದಲ್ಲಿ ಸೋಡಿಯಂ ಏರಿ ನಡುಕ, ಫಿಟ್ಸ್ ತನಕ ಹೋಗಬಹುದು. ಪಾದ ನೆಕ್ಕಿದ್ದರಿಂದ ಅಷ್ಟು ದೂರ ಹೋಗುವುದು ಅಪರೂಪ. ಗ್ಯಾರೇಜಿನಲ್ಲಿ ತೆರೆದಿಟ್ಟ ಉಪ್ಪಿನ ಚೀಲಕ್ಕೆ ಬಾಯಿ ಹಾಕಿದ ನಾಯಿ ವಿಷಯದಲ್ಲಿ ತಡಮಾಡಬೇಡಿ.

ಕಾಂಡೋ ಬಾಗಿಲಲ್ಲಿ ಹಾಕುವುದು ಎಷ್ಟೋ ಸಲ ಮಾಮೂಲಿ ಉಪ್ಪಲ್ಲ, ಕ್ಯಾಲ್ಸಿಯಂ ಕ್ಲೋರೈಡ್. ಅದು ನೀರಿನಲ್ಲಿ ಕರಗುವಾಗ ಬಿಸಿ ಹೊರಬಿಡುತ್ತದೆ. ಐಸ್ ಬೇಗ ಕರಗುವುದು ಅದರಿಂದಲೇ. ಒದ್ದೆ ಪಾದಕ್ಕೆ ಅಂಟಿದ ಹರಳೂ ಅಲ್ಲೇ ಬಿಸಿಯಾಗುತ್ತದೆ. ಬಾಗಿಲು ದಾಟಿದ ಕೂಡಲೇ ಕಾಲು ಎತ್ತುವ ನಾಯಿಗಳಲ್ಲಿ ಇದು ಸಾಮಾನ್ಯ.

ಬಿರುಕಿಗೆ ಮಕ್ಕಳ ಡೈಪರ್ ಕ್ರೀಮ್ ಹಚ್ಚಬೇಡಿ. ಅದರಲ್ಲಿರುವ ಜಿಂಕ್ ಆಕ್ಸೈಡ್ ನೆಕ್ಕಿದರೆ ಒಳ್ಳೆಯದಲ್ಲ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಹರಳೆಣ್ಣೆ ನೆಕ್ಕಿದರೆ ಭೇದಿ. ಶಾಂತಕ್ಕ ಹೇಳಿದ ಹಾಗೆ ರಾತ್ರಿ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ನನ್ನ ತಕರಾರಿಲ್ಲ, ಆದರೆ ಬಿರುಕಿನಿಂದ ರಕ್ತ, ಕೀವು ಬರುತ್ತಿದ್ದರೆ ಏನೂ ಹಚ್ಚದೆ ವೆಟ್ ಹತ್ತಿರ ಹೋಗಿ.

ಶಾಂತಕ್ಕ_ಮಿಸಿಸಾಗಾ
ಅರಿಶಿನ ಹಚ್ಚಬಹುದಾ ಡಾಕ್ಟ್ರೇ?

ವೆಟ್_ಹೆಬ್ಬಾಳ_ಬ್ಯಾಚ್
ಬೇಡ ಅಕ್ಕ. ಪುಡಿ ಬಿರುಕಿನಲ್ಲಿ ಕೂತು ಗಾಯವನ್ನು ಇನ್ನೂ ಒಣಗಿಸುತ್ತದೆ. ಕೆಂಪು ಇದೆಯೋ ಇಲ್ಲವೋ ಎಂದು ನೋಡುವುದಕ್ಕೂ ಆಗುವುದಿಲ್ಲ.

ಚಿಕ್ಕಿ_ಅಮ್ಮ_ಹಾಸನ
ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಸಂಜೆ ವಾಕ್ ಆದಮೇಲೆ ಪಾತ್ರೆ ಇಟ್ಟು ತೊಳೆದೆ. ನೀರಿನ ತಳದಲ್ಲಿ ಹರಳು ಕಾಣುವಷ್ಟು ಇತ್ತು. ಕಟ್ಟಡದವರು ಹಾಕುವುದು ನೀಲಿ ಬಣ್ಣದ ಕಾಳು, ಅದು ಏನೆಂದು ವಿಚಾರಿಸುತ್ತೇನೆ.

ಬೂಟಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಕಳಚಿ ಬೀಳದ ಹಾಗೆ ಹಾಕುವುದು ಹೇಗೆ?

ಸ್ಲೆಡ್_ಸೀನ
ಬೂಟಿನ ವಿಷಯಕ್ಕೆ ನಾನಿದ್ದೇನೆ. ಶೋಕಿ ಎಂದವರಿಗೆ ಮೊದಲು ಒಂದು ಮಾತು. ಅಲಾಸ್ಕದಲ್ಲಿ 1973ರಿಂದ ನಡೆಯುವ ಇಡಿಟರಾಡ್ ನಾಯಿಬಂಡಿ ಓಟ ಗೊತ್ತಲ್ಲ? ಆಂಕರೇಜ್‌ನಿಂದ ನೋಮ್‌ವರೆಗೆ, ಸುಮಾರು 1,600 ಕಿಲೋಮೀಟರ್. ಅದರ ನಿಯಮದಲ್ಲೇ ಇದೆ, ಒಂದೊಂದು ನಾಯಿಗೂ 8 ಬೂಟು ಇರಲೇಬೇಕು. ಹಿಮದಲ್ಲೇ ಹುಟ್ಟಿ ಬೆಳೆದ ನಾಯಿಗಳಿಗೇ ಇದು ಬೇಕಾಗಿದೆ. ಆ ಬೂಟಿಗೆ ಅಟ್ಟೆಯೂ ಇರುವುದಿಲ್ಲ, ಬೆಚ್ಚಗಿನ ಒಳಪದರವೂ ಇರುವುದಿಲ್ಲ. ಬರೀ ಗಟ್ಟಿ ಬಟ್ಟೆಯ ಚೀಲ, ಮೇಲೆ ವೆಲ್ಕ್ರೋ ಪಟ್ಟಿ. ಚಳಿ ತಡೆಯುವುದು ಅದರ ಕೆಲಸ ಅಲ್ಲ. ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಬಾರದು, ಒರಟು ಐಸಿನಿಂದ ಮೆತ್ತೆ ಸವೆಯಬಾರದು, ಅಷ್ಟಕ್ಕೆ.

ಅಳತೆ: ನಾಯಿಯನ್ನು ಕಾಗದದ ಮೇಲೆ ನಿಲ್ಲಿಸಿ. ಎದುರಿನ ಕಾಲನ್ನು ಸ್ವಲ್ಪ ಎತ್ತಿ ಹಿಡಿದರೆ ಭಾರ ಈ ಕಾಲಿನ ಮೇಲೆ ಬಿದ್ದು ಬೆರಳು ಅಗಲವಾಗುತ್ತದೆ. ಆಗ ಪಾದದ ಎರಡೂ ಬದಿಗೆ ಗೆರೆ ಎಳೆದು ಅಗಲ ಅಳೆಯಿರಿ. ಹಿಂಗಾಲು ಬೇರೆಯಾಗಿ ಅಳೆಯಬೇಕು. ಬಹಳ ನಾಯಿಗಳಿಗೆ ಹಿಂಗಾಲಿನ ಪಾದ ಕಿರಿದು. ನಾಲ್ಕಕ್ಕೂ ಒಂದೇ ಸೈಜ್ ತಂದರೆ ಹಿಂದಿನವು ಕಳಚುತ್ತವೆ. ನಿಮ್ಮದು ಕಳಚುವುದು ಯಾವ ಕಾಲಿನದು ನೋಡಿ.

ಪಟ್ಟಿ ಕಟ್ಟುವ ಜಾಗ: ಮಣಿಕಟ್ಟಿನ ತೆಳ್ಳಗಿನ ಭಾಗದಲ್ಲಿ, ಪಾದದ ಮೇಲಲ್ಲ. ಕಳಚುತ್ತದೆ ಎಂದು ಬಿಗಿಯಾಗಿ ಎಳೆಯಬೇಡಿ. ರಕ್ತ ಓಡುವುದು ನಿಂತರೆ ಪಾದ ತಣ್ಣಗಾಗುತ್ತದೆ, ಬೂಟೇ ಹಿಮಗಾಯಕ್ಕೆ ದಾರಿ ಮಾಡುತ್ತದೆ. ಒಂದು ಬೆರಳು ಒಳಗೆ ಹೋಗುವಷ್ಟು ಜಾಗ ಇರಲಿ. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕಿರುವ ಆರನೇ ಉಗುರಿನಂಥದ್ದು ಪಟ್ಟಿಗೆ ಸಿಕ್ಕಿ ಉಜ್ಜದ ಹಾಗೆ ನೋಡಿಕೊಳ್ಳಿ.

ಅಭ್ಯಾಸ ಮನೆಯೊಳಗೆ ಮಾಡಿಸಿ. ಮೊದಲು ಒಂದೇ ಬೂಟು, ಜೊತೆಗೆ ತಿಂಡಿ, ಎರಡು ನಿಮಿಷಕ್ಕೆ ತೆಗೆಯಿರಿ. ಕಾಲನ್ನು ಮೇಲೆ ಮೇಲೆ ಎತ್ತಿ ನಡೆಯುತ್ತದೆ. ಆಗ ವೀಡಿಯೊ ಮಾಡಿಕೊಂಡು ನಗುತ್ತಾ ನಿಲ್ಲಬೇಡಿ, ನಾಯಿಗೆ ಅದು ಗಾಬರಿ. ಹೊರಗೆ ಹೋಗುವುದು ನಾಲ್ಕೂ ಹಾಕಿ ಮನೆಯಲ್ಲಿ ಊಟದ ಬಟ್ಟಲ ತನಕ ಸಲೀಸಾಗಿ ನಡೆದಮೇಲೆ.

ಬ್ರಾಂಪ್ಟನ್_ಬಸವ
"ಆರನೇ ಉಗುರು" ಯಾಕೆ, ಐದನೇದು ಅಲ್ವಾ? ಪಾದದಲ್ಲಿ ನಾಲ್ಕು, ಮೇಲೆ ಒಂದು.

ಸ್ಲೆಡ್_ಸೀನ
ಹೌದು, ಐದನೆಯದು.

ಪಲ್ಲವಿ_ಸ್ಕಾರ್‌ಬರೋ
ನಾಟಿ ನಾಯಿಗೆ ದಪ್ಪ ಬೂಟು ಆಗಲಿಲ್ಲ ನಮಗೆ. ಕಾಲು ತೆಳ್ಳಗೆ, ಉದ್ದ, ಹಿಡಿತವೇ ಸಿಗುವುದಿಲ್ಲ. ಬಲೂನಿನ ಹಾಗೆ ಎಳೆದು ಹಾಕುವ ರಬ್ಬರ್ ಬೂಟು ಸಿಗುತ್ತದಲ್ಲ, ಪಾಝ್ ಎನ್ನುವ ಬ್ರ್ಯಾಂಡ್, ಅದು ಸರಿಹೋಯಿತು. ಪಟ್ಟಿ ಇಲ್ಲ, ಅಟ್ಟೆ ಇಲ್ಲ. ನೆಲ ಕಾಲಿಗೆ ಗೊತ್ತಾಗುತ್ತದೆ, ಹಾಗಾಗಿ ನಡಿಗೆ ಬದಲಾಗುವುದಿಲ್ಲ. ಉಪ್ಪುನೀರು ಒಂದು ಹನಿ ಒಳಗೆ ಹೋಗುವುದಿಲ್ಲ. ಹರಿಯುವ ತನಕ ಮತ್ತೆ ಮತ್ತೆ ಬಳಸಬಹುದು.

ಮಲೆನಾಡಿಗ_ಮಿನಿಯಾಪೊಲಿಸ್
ಅದು ಬೆಚ್ಚಗೆ ಇಡುವುದಿಲ್ಲ ಎಂಬುದನ್ನೂ ಹೇಳಿ. -15ರಲ್ಲಿ ಅದನ್ನು ನಂಬಿ ದೂರ ಹೋಗಬಾರದು.

ಪಲ್ಲವಿ_ಸ್ಕಾರ್‌ಬರೋ
ಬೆಚ್ಚಗಿಡುತ್ತದೆ ಎಂದು ನಾನು ಹೇಳಲೇ ಇಲ್ಲ. ಉಪ್ಪಿನ ಫುಟ್‌ಪಾತ್ ದಾಟಿ ಪಾರ್ಕ್ ಮುಟ್ಟುವ ತನಕ ಸಾಕು. ಅಲ್ಲಿ ತೆಗೆದು ಜೇಬಿಗೆ ಹಾಕುತ್ತೇನೆ, ವಾಪಸ್ ಬರುವಾಗ ಮತ್ತೆ ಹಾಕುತ್ತೇನೆ.

ವೆಟ್_ಹೆಬ್ಬಾಳ_ಬ್ಯಾಚ್
ಪಲ್ಲವಿ ಅವರು ಮಾಡುವುದು ಸರಿ. ನಾಯಿಯ ಪಾದ ಬೆವರುತ್ತದೆ, ರಬ್ಬರ್ ಒಳಗೆ ತುಂಬಾ ಹೊತ್ತು ಇಟ್ಟರೆ ಒದ್ದೆಯಾಗುತ್ತದೆ. ಒಂದು ಗಂಟೆಯೊಳಗೆ ತೆಗೆದು ಒಣಗಿಸಿ. ಮಕ್ಕಳ ಹತ್ತಿ ಕಾಲುಚೀಲ ಹಾಕಿ ಹೊರಗೆ ಕರೆದುಕೊಂಡು ಹೋಗುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಅದು ನೆನೆದು ಅಲ್ಲೇ ಗಟ್ಟಿಯಾಗುತ್ತದೆ, ಬರಿಗಾಲಿಗಿಂತ ಕೆಟ್ಟದ್ದು.

ಜೇನು_ಕೊಡಗು_ಆಟವಾ
ಬೂಟನ್ನು ಕೊನೆಗೂ ಒಪ್ಪದ ನಾಯಿ ಇರುತ್ತವೆ, ನಮ್ಮದು ಅಂಥದ್ದು. ಅಂಥವಕ್ಕೆ ಮೇಣ. ಮಷರ್ಸ್ ಸೀಕ್ರೆಟ್ ಎಂಬುದು ಕೆನಡಾದಲ್ಲೇ ನಾಯಿಬಂಡಿಯ ನಾಯಿಗಳಿಗೆಂದು ಮಾಡಿದ ಮೇಣ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತದೆ. ಹೊರಡುವ ಸ್ವಲ್ಪ ಮುಂಚೆ ಮೆತ್ತೆಗೆ, ಬೆರಳ ಸಂದಿಗೆ ತೆಳ್ಳಗೆ ಹಚ್ಚಬೇಕು.

ಮನೆಯಲ್ಲೂ ಮಾಡಬಹುದು. ಒಂದು ಭಾಗ ಜೇನುಮೇಣ, ಒಂದು ಭಾಗ ಕೊಬ್ಬರಿ ಎಣ್ಣೆ, ಒಂದು ಭಾಗ ಶಿಯಾ ಬೆಣ್ಣೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಜೇನುಮೇಣ ಕರಗುವುದಕ್ಕೆ 62 ಡಿಗ್ರಿ ಮೇಲೆ ಬೇಕು, ನೇರ ಬೆಂಕಿಯ ಮೇಲೆ ಇಡಬೇಡಿ. ಡಬ್ಬಿಗೆ ಸುರಿದು ಆರಿಸಿ. ಗಟ್ಟಿ ಜಾಸ್ತಿ ಆದರೆ ಮುಂದಿನ ಸಲ ಎಣ್ಣೆ ಹೆಚ್ಚಿಸಿ. ಸುವಾಸನೆಗೆ ಏನೂ ಹಾಕಬೇಡಿ. ಊರಿಂದ ಬರುವಾಗ ಅಪ್ಪ ಜೇನುಮೇಣ ಕೊಟ್ಟು ಕಳಿಸುತ್ತಾರೆ, ನಮ್ಮ ಮನೆಯ ಎಲ್ಲರ ಹಿಮ್ಮಡಿಗೂ ಇದೇ ಡಬ್ಬಿ.

ಬ್ರಾಂಪ್ಟನ್_ಬಸವ
ಮೇಣ ಒಳ್ಳೆಯದು, ಆದರೆ ಟೊರೊಂಟೊದ ಉಪ್ಪಿನ ಕೆಸರಿನಲ್ಲಿ ಅರ್ಧ ಗಂಟೆಗೇ ಸವೆಯುತ್ತದೆ. ಬೂಟಿಗೆ ಸಮ ಅಲ್ಲ.

ಜೇನು_ಕೊಡಗು_ಆಟವಾ
ಸಮ ಎನ್ನುತ್ತಿಲ್ಲ. ಬೂಟು ಹಾಕಿಸಿಕೊಳ್ಳದ ನಾಯಿಗೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಜೊತೆಗೆ ಮೇಣ ಹಚ್ಚಿದ್ದರೆ ವಾಪಸ್ ಬಂದು ತೊಳೆಯುವಾಗ ಹರಳು ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಗೋಲ್ಡನ್_ಗೌಡ
ಉದ್ದ ಕೂದಲಿನ ನಾಯಿ ಇರುವವರು ಬೆರಳ ಸಂದಿಯ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ನಮ್ಮ ಗೋಲ್ಡನ್ ರಿಟ್ರೀವರ್‌ಗೆ ಅಲ್ಲೇ ಐಸ್ ಗೋಲಿ ಕಟ್ಟುತ್ತಿತ್ತು, ನಡೆಯುವಾಗ ಬೆರಳು ಅಗಲಿಸಿ ನೋವು. ಕಟ್ಟಿದರೆ ಕಿತ್ತು ತೆಗೆಯಬೇಡಿ, ಕೂದಲು ಸಮೇತ ಬರುತ್ತದೆ. ಅಂಗೈಯಲ್ಲಿ ಹಿಡಿದು ಕರಗಿಸಿ. ಮೊಂಡು ತುದಿಯ ಕತ್ತರಿ ಇರಲಿ.

ಬಾಗಲಕೋಟಿ_ಬೇಟೆ
ನಮ್ಮ ಮುಧೋಳ ನಾಯಿ ತಂದರೆ ಅಲ್ಲಿ ಬಾಳತೈತೇನ್ರಿ? ಗೆಳೆಯ ಕ್ಯಾಲ್ಗರಿಗೆ ಹೊಂಟಾನ, ಒಯ್ಯಬೇಕಂತಾನ.

ಎಡ್ಮಂಟನ್_ಎಮ್ಮೆ
ಬಾಳುತ್ತದೆ, ಮನೆಯೊಳಗೆ. ಮುಧೋಳಕ್ಕೆ ಮೈಮೇಲೆ ಕೊಬ್ಬೇ ಇಲ್ಲ, ಕೂದಲು ರೇಷ್ಮೆ ನುಣುಪು. ಕ್ಯಾಲ್ಗರಿಯಲ್ಲಿ ಕೋಟು, ಬೂಟು ಎರಡೂ ಇಲ್ಲದೆ ಜನವರಿ ಕಳೆಯಲಾರದು. ಅದಕ್ಕೆ ಓಡುವುದಕ್ಕೂ ಜಾಗ ಬೇಕು. ಚಳಿಗಾಲದಲ್ಲಿ ಅಷ್ಟು ಓಡಿಸುವುದು ಹೇಗೆ ಎಂದು ಗೆಳೆಯರನ್ನು ಮೊದಲೇ ಕೇಳಿ.

ಬಾಗಲಕೋಟಿ_ಬೇಟೆ
ಅಂಚೆ ಚೀಟಿ ಮ್ಯಾಲೆ ಬಂದ ನಾಯಿ ಅದು, 2005ರಾಗ. ಚಳಿಯಾಗ ಕೂಡಿಹಾಕೂದು ಬ್ಯಾಡ ಅಂತ ಹೇಳತೀನಿ ಅವಂಗ.

ನಂಜನಗೂಡು_ನಿಮ್ಮಿ
ಹೊರಗಡೆಯಿಂದ ನಾಯಿ ತರುವುದನ್ನು ಕೆನಡಾ ನಿಲ್ಲಿಸಿದೆ ಎಂದು ಕೇಳಿದ್ದೆ?

ಪಲ್ಲವಿ_ಸ್ಕಾರ್‌ಬರೋ
ಪೂರ್ತಿ ನಿಲ್ಲಿಸಿಲ್ಲ. 28 ಸೆಪ್ಟೆಂಬರ್ 2022ರಿಂದ ರೇಬಿಸ್ ಹೆಚ್ಚಿರುವ ದೇಶಗಳಿಂದ ಮಾರಾಟಕ್ಕೆ, ದತ್ತು ಕೊಡುವುದಕ್ಕೆ ತರುವ ನಾಯಿಗಳಿಗೆ ನಿಷೇಧ. ಆ ಪಟ್ಟಿಯಲ್ಲಿ ಭಾರತವೂ ಇದೆ. ಸ್ವಂತ ನಾಯಿಯನ್ನು ಜೊತೆಗೆ ತರುವುದು ಬೇರೆ ವಿಭಾಗ, ಅದಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು. ಟಿಕೆಟ್ ಮಾಡುವ ಮೊದಲು ಕೆನಡಾದ ಆಹಾರ ತಪಾಸಣಾ ಸಂಸ್ಥೆಯ ಪುಟ ಓದಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಪಾದ ಸಾಕು.

ಜಯನಗರ_ಜಿಮ್ಮಿ
ಬೆಂಗಳೂರಿನಲ್ಲಿ ನಮಗೆ ಉಲ್ಟಾ ಸಮಸ್ಯೆ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಡಾಂಬರಿನ ಮೇಲೆ ಪಾದ ಬೊಬ್ಬೆ ಬರುತ್ತದೆ. ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ನಾಯಿಯನ್ನೂ ನಡೆಸಬೇಡಿ. ಮೇಣ ಇಲ್ಲೂ ಉಪಯೋಗವಾ?

ವೆಟ್_ಹೆಬ್ಬಾಳ_ಬ್ಯಾಚ್
ಬಿಸಿಗೆ ಮೇಣ ರಕ್ಷಣೆ ಅಲ್ಲ, ಕರಗಿಹೋಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಚಿಕ್ಕಿ_ಅಮ್ಮ_ಹಾಸನ
ಮತ್ತೆ ಬಂದೆ. ರಬ್ಬರ್ ಬೂಟು ಹಾಕಿಸಿಕೊಂಡಳು! ಎರಡು ಬದಿ ಮೂಸಿ ನೋಡಿದಳು, ಸ್ವಲ್ಪ ಹೊತ್ತು ಗೊಣಗಿದಳು, ಆಮೇಲೆ ಸೀದಾ ಬಾಗಿಲಿಗೆ ಹೋದಳು. ಫುಟ್‌ಪಾತಿನಲ್ಲಿ ಕಾಲು ಎತ್ತಲಿಲ್ಲ. ಬೆರಳ ಸಂದಿಯ ಕೆಂಪು ಇಳಿಯುತ್ತಿದೆ. ಯಜಮಾನರೇ ಈಗ ತೊಳೆಯುವ ಪಾತ್ರೆಗೆ ನೀರು ತುಂಬಿಸಿಡುತ್ತಾರೆ.

ಕಟ್ಟಡದ ಆಫೀಸಿನಲ್ಲಿ ಕೇಳಿದೆ. ಚೀಲದ ಮೇಲೆ ನಾಯಿ ಚಿತ್ರ ಇದೆ, ಸಾಕುಪ್ರಾಣಿಗೆ ಸುರಕ್ಷಿತ ಎಂದು ಬರೆದಿದೆ ಎಂದರು. ಹಾಗಾದರೆ ಇವಳಿಗೆ ಉರಿಯುವುದು ಯಾಕೆ?

ಮಲೆನಾಡಿಗ_ಮಿನಿಯಾಪೊಲಿಸ್
ಚಿತ್ರ ನೋಡಬೇಡಿ, ಚೀಲದ ಹಿಂದೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಓದಿ. ಅಂಥ ಹೆಸರಿನ ಕೆಲವು ಚೀಲದಲ್ಲಿ ಇರುವುದು ಮ್ಯಾಗ್ನೀಷಿಯಂ ಕ್ಲೋರೈಡ್. ಕ್ಯಾಲ್ಸಿಯಂಗಿಂತ ಮೃದು, ಆದರೆ ಬಿರುಕು ಬಿಟ್ಟ ಪಾದಕ್ಕೆ ಅದೂ ಉರಿಯೇ. ಕೆಲವದರಲ್ಲಿ ಯೂರಿಯಾ ಇರುತ್ತದೆ. ಅದು ಪಾದಕ್ಕೆ ಪರವಾಗಿಲ್ಲ, ಚಳಿ ಸ್ವಲ್ಪ ಜಾಸ್ತಿಯಾದರೆ ಐಸ್ ಕರಗಿಸುವುದಿಲ್ಲ. ಎಷ್ಟು ಹಾಕುತ್ತಾರೆ ಎಂಬುದೂ ಮುಖ್ಯ. ನೆಲವೇ ಕಾಣದಷ್ಟು ಸುರಿದರೆ ಯಾವುದೂ ಸುರಕ್ಷಿತ ಅಲ್ಲ. ಹಿಮವನ್ನು ಮೊದಲು ಸಲಿಕೆಯಲ್ಲಿ ಕೆರೆದು ತೆಗೆದರೆ ಉಪ್ಪು ಬಹಳ ಕಡಿಮೆ ಸಾಕು.

ಬ್ರಾಂಪ್ಟನ್_ಬಸವ
ಸುಮ್ನೆ ಆಫೀಸಿನವರ ಜೊತೆ ಜಗಳ ಬೇಡ. ನಾಯಿ ಇರುವ ಮನೆಯವರೆಲ್ಲ ಸೇರಿ ಬರೆದುಕೊಡಿ. ಒಂದು ಪಕ್ಕದ ಬಾಗಿಲಿಗೆ ಮಾತ್ರ ಮರಳು ಹಾಕಿ ಎಂದು ಕೇಳಿ. ನಮ್ಮ ಕಟ್ಟಡದವರು ಹಾಗೆ ಒಪ್ಪಿದರು.

ಜೀವಕೋಶ_ವಾಟರ್ಲೂ
ಉಪ್ಪುನೀರಿನ ಇನ್ನೊಂದು ಅಪಾಯ ಯಾರೂ ಹೇಳಲಿಲ್ಲ. ಅದರಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಬೀದಿದೀಪದ ಬುಡದ ಮುಚ್ಚಳ, ಫುಟ್‌ಪಾತಿನ ಲೋಹದ ತಟ್ಟೆಗಳ ಕೆಳಗೆ ತಂತಿ ಹಾಳಾಗಿದ್ದರೆ ಬರಿಗಾಲಿನ ನಾಯಿಗೆ ಹೊಡೆಯುತ್ತದೆ. 2008–09ರ ಚಳಿಗಾಲದಲ್ಲಿ ಟೊರೊಂಟೊದಲ್ಲೇ ಹೀಗೆ ನಾಯಿಗಳು ಸತ್ತವು. ಆಮೇಲೆ ಅಲ್ಲಿಯ ವಿದ್ಯುತ್ ಕಂಪನಿ ಟೊರೊಂಟೊ ಹೈಡ್ರೊ ಊರೆಲ್ಲ ಮುಚ್ಚಳಗಳನ್ನು ತಪಾಸಣೆ ಮಾಡಿಸಿತು. ಈಗಲೂ ನಾನು ಲೋಹದ ಮುಚ್ಚಳ ತುಳಿಯದ ಹಾಗೆ ಸುತ್ತಿಕೊಂಡೇ ನಡೆಸುತ್ತೇನೆ. ನಾಯಿ ಒಂದು ಕಂಬದ ಹತ್ತಿರ ಕಿರುಚಿ ಹಿಂದೆ ಸರಿದರೆ ಎಳೆದುಕೊಂಡು ಹೋಗಬೇಡಿ, ಹಿಂದಕ್ಕೆ ಕರೆದು ದೂರು ಕೊಡಿ.

ಚಿಕ್ಕಿ_ಅಮ್ಮ_ಹಾಸನ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ನಮ್ಮ ಬೀದಿಯ ಕಂಬಗಳನ್ನೇ ಇವಳು ಮೊದಲು ಹುಡುಕುವುದು.

ಗೋಲ್ಡನ್_ಗೌಡ
ಪಾರ್ಕಿಂಗ್ ಜಾಗದ ಹಸಿರು ನೀರಿನ ಬಗ್ಗೆಯೂ ಎಚ್ಚರ. ಕಾರಿನ ಆ್ಯಂಟಿಫ್ರೀಜ್ ಸೋರಿದ್ದು. ಸಿಹಿ ಇರುತ್ತದೆ, ನಾಯಿ ನೆಕ್ಕುತ್ತದೆ.

ವೆಟ್_ಹೆಬ್ಬಾಳ_ಬ್ಯಾಚ್
ಇದು ಉಪ್ಪಿಗಿಂತ ಬಹಳ ದೊಡ್ಡ ಅಪಾಯ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ಮೊದಲು ಕುಡಿದವರ ಹಾಗೆ ತೂರಾಡುತ್ತದೆ. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ, ಆದರೆ ಒಳಗೆ ಹಾನಿ ಮುಂದುವರಿಯುತ್ತಿರುತ್ತದೆ. ಔಷಧ ಇದೆ, ಮೊದಲ ಕೆಲವು ಗಂಟೆಯಲ್ಲಿ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಬೆಳಿಗ್ಗೆ ನೋಡೋಣ ಎನ್ನಬೇಡಿ, ರಾತ್ರಿ ತೆರೆದಿರುವ ಆಸ್ಪತ್ರೆಗೆ ಆಗಲೇ ಓಡಿ. ಪೆಟ್ ಪಾಯ್ಸನ್ ಹೆಲ್ಪ್‌ಲೈನ್ ಹಗಲು ರಾತ್ರಿ ಇರುತ್ತದೆ, ಶುಲ್ಕ ಇದೆ, ಕೆನಡಾದಿಂದಲೂ ಕರೆ ಮಾಡಬಹುದು.

ನಂಜನಗೂಡು_ನಿಮ್ಮಿ
ಡಾಕ್ಟ್ರೇ, ನಿಜವಾಗಿ ಹಿಮಗಾಯ ಆದರೆ ಗೊತ್ತಾಗುವುದು ಹೇಗೆ? ಬಿಸಿ ನೀರಿನ ಬ್ಯಾಗ್ ಇಡಬಹುದಾ?

ವೆಟ್_ಹೆಬ್ಬಾಳ_ಬ್ಯಾಚ್
ಚರ್ಮ ಬಿಳಿಚಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಗಟ್ಟಿ, ತಣ್ಣಗೆ. ಉಜ್ಜಬೇಡಿ. ಬಿಸಿ ನೀರಿನ ಬ್ಯಾಗ್, ಹೇರ್ ಡ್ರೈಯರ್ ಬೇಡ. ಸ್ಪರ್ಶ ಸತ್ತಿರುವುದರಿಂದ ಸುಡುವುದು ನಾಯಿಗೆ ಗೊತ್ತಾಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಮೆಲ್ಲಗೆ ಅದ್ದಿ, ನಿಮ್ಮ ಮೊಣಕೈಗೆ ಹಿತವಾಗಿರುವಷ್ಟು ಬಿಸಿ ಸಾಕು. ಮತ್ತೆ ಹೊರಗಿನ ಚಳಿ ತಾಗದಂತೆ ಕಂಬಳಿ ಸುತ್ತಿ ವೆಟ್ ಹತ್ತಿರ ಹೋಗಿ. ಮೈಯೆಲ್ಲ ನಡುಗಿ ಮಂಕಾಗಿದ್ದರೆ ಪಾದಕ್ಕಿಂತ ಮೊದಲು ಮೈ ಬೆಚ್ಚಗೆ ಮಾಡಬೇಕು.

ಗಿರಿ_ತೋಟ_ಚಿಕ್ಕಮಗಳೂರು
ಎಲ್ಲ ಓದಿದೆ. ಮಗಳು ಮುಂದಿನ ವರ್ಷ ಟೊರೊಂಟೊಗೆ ಓದುವುದಕ್ಕೆ ಹೋಗುತ್ತಾಳೆ, ಅಲ್ಲಿ ನಾಯಿ ಸಾಕುತ್ತೇನೆ ಎಂದು ಹಟ. ಈ ಚರ್ಚೆಯನ್ನು ಅವಳಿಗೆ ಕಳಿಸುತ್ತಿದ್ದೇನೆ. ಜೇನುಮೇಣ ನಮ್ಮ ತೋಟದಲ್ಲೇ ಇದೆ, ವಿಮಾನದಲ್ಲಿ ತೆಗೆದುಕೊಂಡು ಹೋಗಲು ಬಿಡುತ್ತಾರಾ?

ಜೇನು_ಕೊಡಗು_ಆಟವಾ
ಶುದ್ಧ ಮಾಡಿ ಅಚ್ಚು ಹಾಕಿದ ಮೇಣ ನಾನು ತಂದಿದ್ದೇನೆ, ಇಳಿಯುವಾಗ ಫಾರಂನಲ್ಲಿ ಬರೆದು ತೋರಿಸಿದ್ದೇನೆ. ಹಸಿ ಗೂಡಿನ ತುಂಡು ಮಾತ್ರ ಕಳಿಸಬೇಡಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಲಿ. ಇಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಜಾಸ್ತಿ ಅಷ್ಟೆ.